ಆಫ್ರಿಕಾದ ದೈತ್ಯ ಬಸವನಹುಳುವನ್ನು ಮನೆಯಲ್ಲಿ ಸಾಕುವುದು ಹೇಗೆ?

ಪೂರ್ವ ಆಫ್ರಿಕಾ ಮೂಲದ ದೈತ್ಯ ಬಸವನಹುಳುವನ್ನು ಬ್ರಿಟನ್ನಿನ ಮನೆಗಳಲ್ಲೂ ಶಾಲೆಗಳಲ್ಲೂ ಸಾಕುವುದುಂಟು. ಗಾಳಿಯಾಡುವ ಗಾಜಿನ ತೊಟ್ಟಿ ಸಾಕು, ಆದರೆ ಮುಚ್ಚಳ ಭದ್ರವಾಗಿರಬೇಕು. ಸಡಿಲವಾದದ್ದನ್ನು ರಾತ್ರಿ ಎತ್ತಿ ಹೊರಬರುವಷ್ಟು ಬಲ ಈ ಹುಳುವಿಗಿದೆ. ತಳಕ್ಕೆ ನಾಲ್ಕೈದು ಬೆರಳು ದಪ್ಪ ಒದ್ದೆ ಕೊಕೊಪೀಟ್ ಹರಡುತ್ತಾರೆ. 20ರಿಂದ 28 ಡಿಗ್ರಿ ಸೆಲ್ಸಿಯಸ್ ಶಾಖ ಹಿತ. ತೇವ ಆರಿದರೆ ಹುಳು ಚಿಪ್ಪಿನ ಬಾಯಿಗೆ ತೆಳುಪರದೆ ಕಟ್ಟಿಕೊಂಡು ಒಳಗೇ ಮಲಗಿಬಿಡುತ್ತದೆ.

ಸೌತೆಕಾಯಿ, ಕುಂಬಳ, ಸೊಪ್ಪು ಅದರ ಆಹಾರ. ಚಿಪ್ಪು ಬೆಳೆಯಲು ಸುಣ್ಣದ ಅಂಶ ಬೇಕೇ ಬೇಕು. ಮೊಟ್ಟೆಯ ಓಡಿನ ಪುಡಿಯಾದರೂ ಆದೀತು. ಕೊರತೆಯಾದರೆ ಒಂದು ಇನ್ನೊಂದರ ಚಿಪ್ಪನ್ನೇ ಕೆರೆದು ತಿನ್ನುತ್ತದೆ. ಉಪ್ಪು ಸೋಕಲೇಬಾರದು.

ನಿಜವಾದ ತೊಡಕು ಸಂತಾನದ್ದು. ಪ್ರತಿ ಹುಳುವೂ ಗಂಡೂ ಹೌದು, ಹೆಣ್ಣೂ ಹೌದು. ಒಮ್ಮೆಗೆ ನೂರಕ್ಕೂ ಹೆಚ್ಚು ಮೊಟ್ಟೆಯಿಡಬಲ್ಲದು. ಸಾಕುವವರು ಅವನ್ನು ಫ್ರೀಜರಿನಲ್ಲಿಟ್ಟು ನಾಶಮಾಡುತ್ತಾರೆ. ಹೊರಗೆ ಬಿಟ್ಟರೆ ಏನಾದೀತೆಂಬುದಕ್ಕೆ ಭಾರತವೇ ಸಾಕ್ಷಿ: 1847ರಲ್ಲಿ ಚಿಪ್ಪುಜೀವಿಗಳ ಅಧ್ಯಯನಕಾರ ವಿಲಿಯಂ ಬೆನ್ಸನ್ ಮಾರಿಷಸ್‌ನಿಂದ ತಂದು ಕಲ್ಕತ್ತೆಯಲ್ಲಿ ಬಿಟ್ಟ ಈ ಜಾತಿ ಇಂದು ಕರ್ನಾಟಕದ ತೋಟಗಳಲ್ಲೂ ಪೀಡೆಯಾಗಿದೆ. ಇಲ್ಲಿ ಸಾಕುವ ಮಾತೇ ಬೇಡ. ಮುಟ್ಟಿದವರು ಸೋಪು ಹಚ್ಚಿ ಕೈ ತೊಳೆಯಬೇಕು. ಮಿದುಳಿನ ಪೊರೆಗೆ ಉರಿಯೂತ ತರುವ ಪರೋಪಜೀವಿ ಇದರ ಮೈಯಲ್ಲಿರಬಹುದು.