ಮಿಸಿಸಿಪ್ಪಿಗೆ ಹೊರಟ ವಿದ್ಯಾರ್ಥಿಗಳು

1964ನೆಯ ಇಸವಿಯ ಜೂನ್ ತಿಂಗಳಲ್ಲಿ, ಅಮೆರಿಕಾ ದೇಶದ ಒಹಾಯೋ ಸಂಸ್ಥಾನದ ಆಕ್ಸ್‌ಫರ್ಡ್ ಎಂಬ ಊರಿನ ಮಹಿಳಾ ಕಾಲೇಜೊಂದರ ಆವರಣದಲ್ಲಿ, ಬಹುಮಟ್ಟಿಗೆ ಅನುಕೂಲಸ್ಥ ಮನೆತನಗಳ ಬಿಳಿಯ ತರುಣ ತರುಣಿಯರು ಮೊಣಕಾಲನ್ನು ಎದೆಗೊತ್ತಿಕೊಂಡು, ತೋಳುಗಳಿಂದ ತಲೆಯನ್ನು ಮರೆಮಾಡಿ, ನೆಲದ ಮೇಲೆ ಮುದುಡಿ ಮಲಗುವುದನ್ನು ಕಲಿಯುತ್ತಿದ್ದರು; ಪೊಲೀಸರ ಲಾಠಿಯೋ ಪುಂಡರ ಬೂಟೋ ಮೈಮೇಲೆ ಬಿದ್ದಾಗ ಪ್ರಾಣ ಉಳಿಸಿಕೊಳ್ಳುವ ಬಗೆ ಅದು. ಕಪ್ಪು ಜನರ ಹೆಸರನ್ನು ಮತದಾರರ ಪಟ್ಟಿಗೆ ಸೇರಿಸುವ ಚಳವಳಿಗಾಗಿ ಅವರು ಹೊರಟಿದ್ದುದು ಮಿಸಿಸಿಪ್ಪಿಗೆ. ಮತದಾನಕ್ಕೆ ಅರ್ಹರಾದ ಕಪ್ಪು ಜನರಲ್ಲಿ ನೂರಕ್ಕೆ ಏಳು ಮಂದಿಯ ಹೆಸರೂ 1962ರ ಮತದಾರರ ಪಟ್ಟಿಯಲ್ಲಿಲ್ಲದಿದ್ದ ಸಂಸ್ಥಾನಕ್ಕೆ. ತರಬೇತಿಗೆ ಆಶ್ರಯವಿತ್ತದ್ದು ಆ ದೇಶದ ಚರ್ಚುಗಳ ರಾಷ್ಟ್ರೀಯ ಮಂಡಲಿ. ಜಾಮೀನಿಗೆಂದು 500 ಡಾಲರುಗಳನ್ನು ಜೊತೆಗೆ ತರಬೇಕೆಂಬ ಸೂಚನೆಯೂ ಇದ್ದಿತು. ಬಡವರ ಮಕ್ಕಳಿಗೆ ಈ ತ್ಯಾಗವೂ ದುಬಾರಿಯೇ.

ಇವರನ್ನು ಹೊರಡಿಸಿದ ಪ್ರೇರಣೆ ಯಾವುದು? ಚಳವಳಿಗೆ ಸೇರಲು ಸಲ್ಲಿಸಿದ ಅರ್ಜಿಗಳಲ್ಲಿ ಕೆಲವರು ನೆರೆಯವನನ್ನು ಪ್ರೀತಿಸೆಂಬ ಕ್ರಿಸ್ತನ ಆದೇಶವನ್ನು ಮುಂದಿಟ್ಟರು. ಕೆಲವರು ಸಮಾಜವಾದದ ಭಾಷೆಯಲ್ಲಿ ಬರೆದರು. ಬಂದವರಲ್ಲಿ ಗಣನೀಯ ಸಂಖ್ಯೆಯಲ್ಲಿದ್ದ ಯಹೂದ್ಯ ಮನೆಗಳ ಮಕ್ಕಳಿಗೆ ಹಿಟ್ಲರನ ಜರ್ಮನಿಯ ನೆನಪು ಇನ್ನೂ ಹಸಿಯಾಗಿದ್ದಿತು. ಮತಶ್ರದ್ಧೆ ಮತ್ತು ರಾಜಕೀಯ ನಿಷ್ಠೆಗಳೇ ಕಾರಣವೆಂದು ಇಲ್ಲಿಗೆ ಲೇಖನಿಯನ್ನು ಕೆಳಗಿಡಬಹುದಾಗಿತ್ತು. ಆದರೆ ಎರಡು ದಶಕಗಳ ತರುವಾಯ ಡಗ್ ಮ್ಯಾಕ್‌ಆಡಮ್ ಎಂಬ ಸಮಾಜಶಾಸ್ತ್ರಜ್ಞರು ಆ ಅರ್ಜಿಗಳನ್ನೇ ಹುಡುಕಿ ತೆಗೆದು, ಆಯ್ಕೆಯಾಗಿಯೂ ಕಡೆಗೆ ಹಿಂದೆಗೆದ 239 ಮಂದಿಯನ್ನು, ಹೋದ 720 ಮಂದಿಯೊಡನೆ ಇಟ್ಟು ನೋಡಿದಾಗ, ಉಳಿದವರ ಧ್ಯೇಯನಿಷ್ಠೆ ಹೋದವರದಕ್ಕಿಂತ ಕಡಿಮೆಯೇನಾಗಿರಲಿಲ್ಲವೆಂಬುದು ಗೋಚರವಾಯಿತು. ವ್ಯತ್ಯಾಸವಿದ್ದುದು ಅರ್ಜಿಯ ಮತ್ತೊಂದು ಮೂಲೆಯಲ್ಲಿ. ತಮ್ಮ ಕಾರ್ಯದ ಸುದ್ದಿಯನ್ನು ಯಾರಿಗೆ ತಿಳಿಸಬೇಕೆಂದು ಕನಿಷ್ಠ ಹತ್ತು ಹೆಸರುಗಳನ್ನು ಬರೆಯಲು ಅಲ್ಲಿ ಸ್ಥಳ ಬಿಟ್ಟಿದ್ದರು. ಹೋದವರ ಪಟ್ಟಿಯಲ್ಲಿ, ತಮ್ಮಂತೆಯೇ ಹೊರಟಿದ್ದ ಗೆಳೆಯರ ಹೆಸರುಗಳು ಹೆಚ್ಚಾಗಿದ್ದವು, ಸಂಘಸಂಸ್ಥೆಗಳ ಸದಸ್ಯತ್ವವೂ ಹೆಚ್ಚಾಗಿದ್ದಿತು. ಶ್ರದ್ಧೆಯೊಂದೇ ಮನುಷ್ಯನನ್ನು ಬಸ್ಸು ಹತ್ತಿಸುವುದಿಲ್ಲ. ಪಕ್ಕದ ಆಸನದಲ್ಲಿ ತನ್ನವನೊಬ್ಬ ಕುಳಿತಿರಬೇಕು.

ಮತವು ಇಲ್ಲಿ ಮಾಡಿದ ದೊಡ್ಡ ಕೆಲಸವೂ ಸಿದ್ಧಾಂತದ್ದಲ್ಲ, ಇಂಥ ಜೊತೆಯನ್ನು ಕೂಡಿಸಿಕೊಟ್ಟದ್ದು. ಕೊರಿಯಾ ಯುದ್ಧಕಾಲದಲ್ಲಿ ಸೈನ್ಯಸೇವೆಯನ್ನು ನಿರಾಕರಿಸಿ ಸೆರೆಮನೆ ಕಂಡ ಮೆಥಾಡಿಸ್ಟ್ ಪಂಥದ ಜೇಮ್ಸ್ ಲಾಸನ್, ಆಮೇಲೆ ನಮ್ಮ ನಾಗಪುರದ ಹಿಸ್ಲಾಪ್ ಕಾಲೇಜಿಗೆ ಬಂದು, ಗಾಂಧೀಜಿಯವರ ಸತ್ಯಾಗ್ರಹವನ್ನು ಅಭ್ಯಸಿಸಿ ಸ್ವದೇಶಕ್ಕೆ ಮರಳಿದರು. ನ್ಯಾಶ್‌ವಿಲ್ಲಿನ ಚರ್ಚಿನಲ್ಲಿ ಅವರು ನಡೆಸಿದ ಶಿಬಿರಗಳಲ್ಲಿ, ಬಿಳಿಯರಿಗಷ್ಟೇ ಮೀಸಲಾದ ಹೋಟೆಲುಗಳಲ್ಲಿ ಧರಣಿ ಕೂರುವ ತಾಲೀಮಿಗಾಗಿ, ಒಬ್ಬ ವಿದ್ಯಾರ್ಥಿ ಗಿರಾಕಿಯಂತೆ ಕುಳಿತಿರಲು ಉಳಿದವರು ಅವನನ್ನು ಬಯ್ದು, ತಳ್ಳಿ, ಮುಖಕ್ಕೆ ಹೊಗೆಯೂದಿ ಸಹನೆಯನ್ನು ಪರೀಕ್ಷಿಸುತ್ತಿದ್ದರು. ಬ್ಯಾಪ್ಟಿಸ್ಟ್ ಗುರುಕುಲದ ಜಾನ್ ಲೂಯಿಸ್, ಕ್ಯಾಥೊಲಿಕ್ ಸಂಪ್ರದಾಯದಲ್ಲಿ ಬೆಳೆದ ಡಯೇನ್ ನ್ಯಾಶ್ ಅಲ್ಲಿಯೇ ಪಳಗಿದವರು. 1960ರಲ್ಲಿ ಈ ಧರಣಿ ಚಳವಳಿಗಾಗಿ ಲಾಸನ್ನರನ್ನು ಹೊರಹಾಕಿದ್ದು ವ್ಯಾಂಡರ್‌ಬಿಲ್ಟ್ ವಿಶ್ವವಿದ್ಯಾನಿಲಯ. ಅವರು ಓದುತ್ತಿದ್ದುದು ದೇವತಾಶಾಸ್ತ್ರ!

ಒಗ್ಗಟ್ಟಿನ ಈ ಕಥೆಯಲ್ಲಿ ಕಹಿಯಾದ ಒಂದು ಲೆಕ್ಕಾಚಾರವೂ ಉಂಟು. ಕರಿಯರು ಸತ್ತಾಗ ಮಿಸುಕದ ದೇಶ ಬಿಳಿಯರ ಮಕ್ಕಳಿಗೆ ಅಪಾಯವಾದರೆ ಕಣ್ಣು ತೆರೆದೀತೆಂಬುದನ್ನು ಸಂಘಟಕರು ಬಲ್ಲವರಾಗಿದ್ದರು. ಜೂನ್ 21ರಂದು, ಸುಟ್ಟುಹಾಕಿದ್ದ ಚರ್ಚೊಂದನ್ನು ನೋಡಲು ಹೋದ ಚಳವಳಿಯ ಕಾರ್ಯಕರ್ತರಾದ ಜೇಮ್ಸ್ ಚೇನಿ, ಆಂಡ್ರೂ ಗುಡ್‌ಮನ್, ಮೈಕೆಲ್ ಶ್ವೆರ್ನರ್ ಹತರಾದರು. ಚೇನಿ ಆ ನೆಲದ ಕಪ್ಪು ತರುಣ, ಉಳಿದಿಬ್ಬರು ನ್ಯೂಯಾರ್ಕಿನ ಯಹೂದ್ಯರು. ಆಗಸ್ಟ್ 4ರಂದು ಮಣ್ಣಿನ ಏರಿಯೊಂದರಡಿ ಇವರ ಶವಗಳು ದೊರೆಯುವವರೆಗೆ ದೇಶವೇ ತುದಿಗಾಲಿನಲ್ಲಿ ನಿಂತಿತ್ತು. ಆದರೆ ಆ ಶೋಧದ ನಡುವೆಯೇ ನದಿಯಲ್ಲಿ ಸಿಕ್ಕಿದ, ಚಾರ್ಲ್ಸ್ ಮೂರ್ ಮತ್ತು ಹೆನ್ರಿ ಡೀ ಎಂಬ ಇಬ್ಬರು ಕಪ್ಪು ತರುಣರ ದೇಹಗಳಿಗಾಗಿ ಪತ್ರಿಕೆಗಳು ಅಷ್ಟು ಮಸಿಯನ್ನು ವ್ಯಯಿಸಲಿಲ್ಲ.

ಹೋದವರೆಲ್ಲರೂ ಹೋದ ಹಾಗೆಯೇ ಹಿಂದಿರುಗಲಿಲ್ಲ. ಬಾಲ್ಯದಲ್ಲಿ ಚರ್ಚಿನ ಪೂಜಾವೇದಿಕೆಯ ಪರಿಚಾರಕನಾಗಿದ್ದ ಮಾರಿಯೋ ಸಾವಿಯೋ, ಮಿಸಿಸಿಪ್ಪಿಯಿಂದ ಕ್ಯಾಲಿಫೋರ್ನಿಯಾದ ಬರ್ಕ್ಲಿಗೆ ಓದಲು ಮರಳಿದಾಗ, ವಿದ್ಯಾರ್ಥಿಗಳು ಹೋರಾಟಕ್ಕೆ ಚಂದಾ ಎತ್ತುವುದನ್ನೇ ವಿಶ್ವವಿದ್ಯಾನಿಲಯ ನಿಷೇಧಿಸಿದ್ದಿತು. ಆ ನಿಷೇಧದಿಂದ ಹುಟ್ಟಿದ ಪ್ರತಿಭಟನೆಯಲ್ಲಿ, ಆ ಡಿಸೆಂಬರಿನಲ್ಲಿ ಅಲ್ಲಿನ ಆಡಳಿತ ಭವನದೊಳಗೆ ಧರಣಿ ಕುಳಿತ ಸುಮಾರು 800 ಮಂದಿ ಬಂಧಿತರಾದರು.