ಚಿತ್ರದೊಳಗಣ ತೋಟ, ಚಿತ್ರದ ಹೊರಗಣ ಜನ

ಮಹಾಕಾವ್ಯದ ಅಷ್ಟಾದಶ ವರ್ಣನೆಗಳಲ್ಲಿ ಉದ್ಯಾನವರ್ಣನೆಯೂ ಒಂದೆಂಬುದು ಕಾವ್ಯಾಭ್ಯಾಸಿಗಳೆಲ್ಲರಿಗೂ ವಿದಿತವಾದ ವಿಷಯ. ಅಲ್ಲಿ ಮಾವು, ಮಲ್ಲಿಗೆ, ಸಂಪಗೆಗಳು ಕವಿಸಮಯಾನುಸಾರವಾಗಿ ಅರಳುತ್ತವೆ. ನೆಟ್ಟವರಾರು, ನೀರೆರೆದವರಾರು ಎಂದು ಯಾರೂ ಕೇಳುವುದಿಲ್ಲ. ಆದರೆ ಚಿತ್ರಕಾರನೊಬ್ಬನು ತನ್ನ ಮನೆಯನ್ನೂ ತೋಟವನ್ನೂ ತಾನೇ ಚಿತ್ರಿಸಿದಾಗ ಈ ಪ್ರಶ್ನೆಯು ತಾನಾಗಿಯೇ ಏಳುತ್ತದೆ. ಅಂತಹ ಒಂದು ಚಿತ್ರವನ್ನು ವಾಚಕರಿಗೆ ಪರಿಚಯಿಸುವುದು ಈ ಲೇಖನದ ಉದ್ದೇಶ.

ಇಂಗ್ಲೆಂಡಿನ ಭೂದೃಶ್ಯ ಚಿತ್ರಕಾರನಾದ ಜಾನ್ ಗ್ಲೋವರ್ (1767–1849) ತನ್ನ 64ನೆಯ ಜನ್ಮದಿನದಂದು, 1831ರ ಫೆಬ್ರವರಿ 18ರಂದು, ಆಸ್ಟ್ರೇಲಿಯದ ದಕ್ಷಿಣಕ್ಕಿರುವ ವ್ಯಾನ್ ಡೀಮನ್ಸ್ ಲ್ಯಾಂಡ್ ದ್ವೀಪಕ್ಕೆ ಬಂದಿಳಿದನು. 1856ರಿಂದ ಟಾಸ್ಮೇನಿಯ ಎನಿಸಿಕೊಂಡ ದ್ವೀಪವೇ ಅದು. ಅಲ್ಲಿನ ಮಿಲ್ಸ್ ಪ್ಲೇನ್ಸ್ ಎಂಬಲ್ಲಿ ವಸಾಹತು ಸರ್ಕಾರದಿಂದ ಭೂಮಿಯನ್ನು ಪಡೆದು, ಮನೆಯನ್ನು ಕಟ್ಟಿಸಿ, ಅದಕ್ಕೆ ಇಂಗ್ಲೆಂಡಿನ ಊರೊಂದರ ಹೆಸರಾದ ‘ಪ್ಯಾಟರ್‌ಡೇಲ್’ ಎಂಬುದನ್ನೇ ಇಟ್ಟನು. ಆ ಮನೆ ಮತ್ತು ತೋಟಗಳ ತೈಲಚಿತ್ರವು 1835ರದು. ಈಗ ಅಡಿಲೇಡ್ ನಗರದ ಕಲಾಶಾಲೆಯಲ್ಲಿದೆ.

ಚಿತ್ರದ ಮುಂಭಾಗದಲ್ಲಿ ಗುಲಾಬಿ, ಜಿರೇನಿಯಂ ಮೊದಲಾದ ಹೂಗಿಡಗಳು ಸಾಲುಗೊಂಡಿವೆ. ಅವು ಪರದೇಶದಿಂದ ಬಂದವು. ಅವುಗಳಾಚೆ ಕಲ್ಲಿನ ಮನೆ. ಮನೆಯ ಹಿಂದೆ ಅಲ್ಲಿಯದೇ ಆದ ನೀಲಗಿರಿ ಜಾತಿಯ ಮರಗಳು ವಿರಳವಾಗಿ ಹಬ್ಬಿದ ಗುಡ್ಡ. ಆ ಮರಗಳ ನಡುವಣ ತೆರಪನ್ನೂ ಬಾಗಿದ ಕೊಂಬೆಗಳನ್ನೂ ಗ್ಲೋವರ್ ಇದ್ದುದನ್ನು ಇದ್ದಂತೆಯೇ ಕಂಡವನು. ಇದು ಅವನ ಹಿರಿಮೆ.

ಕಾಣದಿರುವುದೂ ಉಂಟು. ಆ ದ್ವೀಪದಲ್ಲಿ ಸಹಸ್ರಾರು ವರ್ಷಗಳಿಂದ ಬಾಳಿದ ಮೂಲನಿವಾಸಿಗಳನ್ನು ಹಿಡಿಯಲೆಂದು 1830ರಲ್ಲಿ ಸೈನಿಕರು, ವಸಾಹತುಗಾರರು, ಕೈದಿಗಳು ಸೇರಿ 2000ಕ್ಕೂ ಮಿಕ್ಕ ಜನ ಸಾಲುಗಟ್ಟಿ ನಡೆದಿದ್ದರು. ಬದುಕುಳಿದವರಲ್ಲಿ ಬಹುಮಂದಿಯನ್ನು ಮುಂದೆ ಫ್ಲಿಂಡರ್ಸ್ ದ್ವೀಪಕ್ಕೆ ಸಾಗಿಸಲಾಯಿತು. ಗ್ಲೋವರ್ 1832ರಲ್ಲಿ ಮಿಲ್ಸ್ ಪ್ಲೇನ್ಸ್‌ನಲ್ಲಿ ಅವರು ನರ್ತಿಸುತ್ತಿರುವಂತೆ ಬೇರೊಂದು ಚಿತ್ರವನ್ನು ರಚಿಸಿದನು. ಆದರೆ ತೋಟದ ಚಿತ್ರದಲ್ಲಿ ಅವರಿಗೆ ಎಡೆಯಿಲ್ಲ; ಅವನ ಜಮೀನಿನಲ್ಲಿ ದುಡಿದ ಕೈದಿಗಳಿಗೂ ಇಲ್ಲ. ಹೂವು ಸತ್ಯ, ಗುಡ್ಡ ಸತ್ಯ. ಆದರೂ ಸತ್ಯ ಪೂರ್ಣವಲ್ಲ.

ಇದು ದೂರದ ಕಥೆಯೆಂದು ನಾವು ಸುಮ್ಮನಿರುವಂತಿಲ್ಲ. 1791–92ರಲ್ಲಿ ಕಾರ್ನ್‌ವಾಲಿಸನ ಸೈನ್ಯದೊಡನೆ ಬಂದ ರಾಬರ್ಟ್ ಹೋಮ್ ಎಂಬ ಚಿತ್ರಕಾರನು ಬೆಂಗಳೂರು, ಸಾವನದುರ್ಗ, ಶ್ರೀರಂಗಪಟ್ಟಣಗಳನ್ನು ಚಿತ್ರಿಸಿದನು. ಆ ಚಿತ್ರಗಳ ಪುಸ್ತಕವು 1794ರಲ್ಲಿ ಪ್ರಕಟವಾಯಿತು. ನಿಡಘಟ್ಟದಿಂದ ಬಹುದೂರವಲ್ಲದ ಆ ಕೋಟೆಗಳ ಚಿತ್ರಗಳನ್ನು ತರಗತಿಯಲ್ಲಿ ತೋರಿಸುವಾಗ ಅಧ್ಯಾಪಕ ಬಂಧುಗಳು ಮಕ್ಕಳಿಗೆ ಮೂರು ಪ್ರಶ್ನೆಗಳನ್ನು ಕಲಿಸಲಿ: ಇದನ್ನು ಬರೆದವನು ಎಲ್ಲಿ ನಿಂತಿದ್ದನು? ಯಾರಿಗಾಗಿ ಬರೆದನು? ಯಾರನ್ನು ಬಿಟ್ಟನು?

ಈ ಮೂರನೆಯ ಪ್ರಶ್ನೆಯು ನಮಗೂ ಸಲ್ಲುತ್ತದೆ. ವಿದ್ಯಾಸಂಸ್ಥೆಗೆ ನೆರವಾದ ದಾನಿಗಳ ಹೆಸರು ಶಿಲೆಯಲ್ಲಿ ಉಳಿಯುವುದು ಉಚಿತವೇ. ಅದರ ಅಂಗಳದ ಗಿಡಕ್ಕೆ ಗುಂಡಿ ತೋಡಿದವರನ್ನೂ, ಬೇಸಗೆಯಲ್ಲಿ ಕೊಡದಿಂದ ನೀರೆರೆದವರನ್ನೂ ನಾಲ್ಕು ಮಾತಿನಲ್ಲಾದರೂ ಸ್ಮರಿಸುವ ಬರಹವೊಂದು ಇಂತಹ ಸಂಚಿಕೆಗಳಲ್ಲಿ ಇರಲಿ. ತೋಟದ ಚಿತ್ರವು ಪೂರ್ಣವಾಗುವುದು ಆಗಲೇ.