ಬೀಗ ಬಿದ್ದ ಬರೆಹಗಳು

ಇಂದು ನಾಲ್ಕು ಜನ ಸುಶಿಕ್ಷಿತರು ಯಾವ ಚಹದಂಗಡಿಯಲ್ಲಿ ಕೂಡಿದರೂ ಯಂತ್ರದ ಮಾತು ಹೊರಡದೆ ಇರುವದಿಲ್ಲ. ಯಾವ ಮೊಬೈಲು ಉತ್ತಮ, ಯಾವ ಕೀಲಿಮಣೆಯ ಮೇಲೆ ಬೆರಳು ಬೇಗ ಓಡುತ್ತದೆ, ಕನ್ನಡವನ್ನು ಕನ್ನಡ ಲಿಪಿಯಲ್ಲಿಯೇ ಬರೆಯಬೇಕೊ ಅಥವಾ ಇಂಗ್ಲಿಷ್ ಅಕ್ಷರಗಳಲ್ಲಿ ಬರೆದರೂ ನಡೆದೀತೊ ಎಂಬೀ ವಿಷಯಗಳನ್ನು ಕುರಿತು ನಡೆಯುವ ವಾದಗಳು ರಾಜಕಾರಣದ ವಾದಗಳಿಗಿಂತಲೂ ಹೆಚ್ಚು ಕಾವೇರುತ್ತವೆ. ಚಹ ಆರುತ್ತದೆ, ವಾದ ಆರುವದಿಲ್ಲ. ಇಂಥ ವಾದಗಳನ್ನು ನಾವು ಹಗುರಾಗಿ ಎಣಿಸುವವರಲ್ಲ. ಜನರು ದಿನನಿತ್ಯ ಬಳಸುವ ಸಾಧನದ ಗುಣದೋಷಗಳನ್ನು ಜನರೇ ಚರ್ಚಿಸುವದು ಜೀವಂತ ಸಮಾಜದ ಲಕ್ಷಣವೇ ಸರಿ. ಆದರೆ ಇಷ್ಟೆಲ್ಲ ಮಾತುಗಳ ನಡುವೆ ಕೇಳಬೇಕಾದ ಒಂದು ಪ್ರಶ್ನೆಯನ್ನು ಯಾರೂ ಕೇಳುತ್ತಿಲ್ಲವೆಂಬದು ನಮ್ಮ ವ್ಯಸನ. ನಾವು ಇಂದು ಯಂತ್ರದಲ್ಲಿ ಬರೆದಿಟ್ಟ ಕನ್ನಡವು ಇನ್ನು ಇಪ್ಪತ್ತು ವರ್ಷಗಳ ತರುವಾಯ ನಮ್ಮ ಮಕ್ಕಳಿಗೆ ಓದಲು ಸಿಕ್ಕೀತೆ?

ಈ ಪ್ರಶ್ನೆಯನ್ನು ನಾವು ಕಲ್ಪನೆಯಿಂದ ಎತ್ತಿದ್ದಲ್ಲ. ಕೆಲವು ತಿಂಗಳ ಹಿಂದೆ ನಮ್ಮ ಪರಿಚಿತರಾದ ನಿವೃತ್ತ ಶಿಕ್ಷಕರೊಬ್ಬರು ಒಂದು ಹಳೆಯ ಸಿ.ಡಿ. ತಟ್ಟೆಯನ್ನು ಕರವಸ್ತ್ರದಲ್ಲಿ ಸುತ್ತಿಕೊಂಡು ನಮ್ಮ ಬಳಿಗೆ ಬಂದರು. 2003ರ ಸುಮಾರಿಗೆ ಅವರು ತಮ್ಮ ಊರಿನ ಚರಿತ್ರೆಯನ್ನು ಬರೆದಿದ್ದರು. ಕೆರೆಯ ಏರಿಯ ಮೇಲಿನ ಶಾಸನದ ಪ್ರತಿ, ಜಾತ್ರೆಯ ಕಟ್ಟಳೆಗಳು, ಚಲೇಜಾವ್ ಚಳವಳಿಯಲ್ಲಿ ತುರಂಗ ಕಂಡುಬಂದ ಇಬ್ಬರು ವೃದ್ಧರು ತಮ್ಮ ಬಾಯಿಂದಲೇ ಹೇಳಿದ ಸಂಗತಿಗಳು, ಇವೆಲ್ಲ ಅದರಲ್ಲಿದ್ದವು. ಪಟ್ಟಣದ ಅಂಗಡಿಯೊಂದರಲ್ಲಿ ಹಣ ಕೊಟ್ಟು ಬೆರಳಚ್ಚು ಮಾಡಿಸಿದ್ದರು. ಕೈಬರೆಹದ ಪ್ರತಿ ಮಳೆಗಾಲದಲ್ಲಿ ಗೆದ್ದಲ ಪಾಲಾಗಿತ್ತು. ಹೇಳಿದ ವೃದ್ಧರು ಈಗ ಇಲ್ಲ. ಬೆರಳಚ್ಚಿನ ಅಂಗಡಿಯೂ ಇಲ್ಲ. ಉಳಿದದ್ದು ಆ ತಟ್ಟೆಯೊಂದೇ.

ತಟ್ಟೆ ಕೆಟ್ಟಿರಲಿಲ್ಲ, ಕಡತವೂ ತೆರೆಯಿತು. ಆದರೆ ತೆರೆಯ ಮೇಲೆ ಕಂಡದ್ದು ಕನ್ನಡವಲ್ಲ. 'ಕನ್ನಡ' ಎಂಬ ಶಬ್ದವಿರಬೇಕಾದಲ್ಲಿ ಇಂಗ್ಲಿಷಿನ ಒಂದು ದೊಡ್ಡ 'ಪಿ', ತಲೆಯ ಮೇಲೆ ಓರೆಗೆರೆಯುಳ್ಳ ಒಂದು 'ಎ', ಪೌಂಡು ನಾಣ್ಯದ ಚಿಹ್ನೆ, ಮತ್ತೆ ಅದೇ 'ಎ', ಜರ್ಮನ್ ಭಾಷೆಯ ಒಂದು ಅಕ್ಷರ, ಒಂದು ಸಣ್ಣ 'ಕ್ಯೂ', ಕೊನೆಗೆ ಮತ್ತೊಮ್ಮೆ ಆ ಓರೆಗೆರೆಯ 'ಎ'. ಇಂಥವೇ ನೂರು ಪುಟಗಳು. ಶಿಕ್ಷಕರು ಬಹಳ ಹೊತ್ತು ಅದನ್ನೇ ನೋಡುತ್ತ ಕುಳಿತರು. “ಇದರಲ್ಲಿ ನಮ್ಮೂರು ಎಲ್ಲಿದೆ?” ಎಂದು ಅವರು ಕೇಳಿದ ಒಂದು ಮಾತಿಗೆ ನಮ್ಮಲ್ಲಿ ಆ ಕ್ಷಣಕ್ಕೆ ಉತ್ತರವಿರಲಿಲ್ಲ.

ಹೀಗಾಗುವದೇಕೆ ಎಂಬದನ್ನು ವಾಚಕರು ತಿಳಿದುಕೊಳ್ಳುವದು ಅವಶ್ಯ. ಗಣಕಯಂತ್ರಕ್ಕೆ ಅಕ್ಷರವೆಂಬದಿಲ್ಲ, ಅದಕ್ಕೆ ಗೊತ್ತಿರುವದು ಸಂಖ್ಯೆಗಳು ಮಾತ್ರ. ಒಂದೊಂದು ಅಕ್ಷರಕ್ಕೆ ಒಂದೊಂದು ಸಂಖ್ಯೆಯನ್ನು ಗೊತ್ತುಮಾಡಿ, ಆ ಸಂಖ್ಯೆಗೆ ತಕ್ಕ ಆಕಾರವನ್ನು ಫಾಂಟಿನಿಂದ ತೆಗೆದು ತೋರಿಸುವದೇ ಅದರ ಕೆಲಸ. ಹಿಂದಿನ ಕಾಲದ ಯಂತ್ರಗಳಲ್ಲಿ ಹೀಗೆ ಒಮ್ಮೆಗೆ ಬಳಸಬಹುದಾದ ಸ್ಥಾನಗಳು 256 ಮಾತ್ರ. ಅವೂ ಇಂಗ್ಲಿಷ್ ಮತ್ತು ಯುರೋಪಿನ ಭಾಷೆಗಳ ಅಕ್ಷರಗಳಿಗೆ ಹಂಚಿಹೋಗಿದ್ದವು. ಕನ್ನಡಕ್ಕೆ ಸ್ಥಳವೇ ಇರಲಿಲ್ಲ. ಆಗ ನಮ್ಮವರು ಮಾಡಿದ ಉಪಾಯವೇನೆಂದರೆ, ಆ ಅಕ್ಷರಗಳ ಮನೆಗಳಲ್ಲಿಯೇ ಕನ್ನಡದ ತುಂಡುಗಳನ್ನು ಕೂಡ್ರಿಸಿದ್ದು. 'ಪಿ'ಯ ಮನೆಯಲ್ಲಿ ತಲೆಕಟ್ಟಿಲ್ಲದ 'ಕ'ಕಾರದ ಒಡಲು. ಓರೆಗೆರೆಯ 'ಎ' ಇದ್ದಲ್ಲಿ ತಲೆಕಟ್ಟು. ಜರ್ಮನ್ ಅಕ್ಷರವಿದ್ದಲ್ಲಿ 'ನ'ಕಾರದ ಒತ್ತು. ಹೀಗೆ ಏಳು ತುಂಡುಗಳು ಸೇರಿ 'ಕನ್ನಡ' ಎಂದು ಕಣ್ಣಿಗೆ ಕಾಣುತ್ತಿತ್ತು. ಕಣ್ಣಿಗೆ ಕನ್ನಡ, ಯಂತ್ರಕ್ಕೆ ಮಾತ್ರ ಅದು ಅರ್ಥವಿಲ್ಲದ ಇಂಗ್ಲಿಷು. ಆ ಫಾಂಟು ಇರುವ ತನಕ ವೇಷ ನಿಂತಿತು. ಫಾಂಟು ಹೋದೊಡನೆ ವೇಷ ಕಳಚಿತು. ಸಾಲದುದಕ್ಕೆ ಬೇರೆ ಬೇರೆ ತಂತ್ರಾಂಶಗಳು ಬೇರೆ ಬೇರೆ ತುಂಡುಗಳನ್ನು ಬೇರೆ ಬೇರೆ ಮನೆಗಳಲ್ಲಿ ಕೂಡ್ರಿಸಿದ್ದರಿಂದ, ಒಂದರಲ್ಲಿ ಬರೆದುದು ಇನ್ನೊಂದರಲ್ಲಿ ಓದಲು ಬಾರದಂತಾಯಿತು.

ಈ ಉಪಾಯವನ್ನು ಹೂಡಿದವರನ್ನು ನಾವು ದೂಷಿಸುವದಿಲ್ಲ; ಅವರಿಗೆ ಕನ್ನಡ ನಾಡು ಋಣಿಯಾಗಿದೆ. ಶ್ರೀ ಕೆ. ಪಿ. ರಾವ್ ಅವರು ಕನ್ನಡದ ಧ್ವನಿಕ್ರಮಕ್ಕೆ ಹೊಂದುವ ಕೀಲಿಮಣೆಯ ವಿನ್ಯಾಸವನ್ನು ರಚಿಸಿ, ಪಂಡಿತ ಸೇಡಿಯಾಪು ಕೃಷ್ಣಭಟ್ಟರ ಹೆಸರಿನ ತಂತ್ರಾಂಶವನ್ನು ನಾಡಿಗೆ ಕೊಟ್ಟರು. 1998ರಲ್ಲಿ ಶೇಷಾದ್ರಿವಾಸು ಅವರ 'ಬರಹ' ಬಂದಿತು. ಅನಂತರ ಕನ್ನಡ ಗಣಕ ಪರಿಷತ್ತಿನ 'ನುಡಿ' ಸರಕಾರಿ ಕಚೇರಿಗಳನ್ನು ಹೊಕ್ಕಿತು. ಇವು ಇಲ್ಲದಿದ್ದರೆ ಆ ದಶಕದಲ್ಲಿ ಯಂತ್ರದ ಮುಂದೆ ಕುಳಿತ ಕನ್ನಡಿಗನಿಗೆ ಇಂಗ್ಲಿಷಲ್ಲದೆ ಬೇರೆ ಗತಿಯೇ ಇರುತ್ತಿರಲಿಲ್ಲ. ಹೊಳೆ ದಾಟಿಸಿದ ಅಂಬಿಗನನ್ನು ದಡ ಸೇರಿದ ಮೇಲೆ ಜರೆಯುವದು ಸಭ್ಯರ ಲಕ್ಷಣವಲ್ಲ. ಆದರೆ ದಡ ಸೇರಿದ ಮೇಲೆಯೂ ದೋಣಿಯಿಂದ ಇಳಿಯೆನೆಂಬದು ಜಾಣರ ಲಕ್ಷಣವೂ ಅಲ್ಲ.

ದಡವು ಸಿಕ್ಕು ಬಹಳ ದಿನಗಳಾದವು. ಜಗತ್ತಿನ ಎಲ್ಲ ಲಿಪಿಗಳಿಗೂ ಪ್ರತ್ಯೇಕ ಸಂಖ್ಯೆಗಳನ್ನು ಕೊಡುವ ಯೂನಿಕೋಡ್ ಎಂಬ ಮಾನಕವು 1991ರಲ್ಲಿ ಹೊರಬಂದಾಗಲೇ ಕನ್ನಡಕ್ಕೆ ಅದರಲ್ಲಿ 128 ಸ್ಥಾನಗಳ ಒಂದು ಕೇರಿ ಸಿಕ್ಕಿತ್ತು. 2001ರಲ್ಲಿ ಬಂದ ವಿಂಡೋಸ್ ಎಕ್ಸ್‌ಪಿ ಆ ಕನ್ನಡವನ್ನು ತೋರಿಸಬಲ್ಲದಾಗಿತ್ತು. ಇಂದು ಕೈಯೊಳಗಿನ ಮೊಬೈಲೂ ತೋರಿಸುತ್ತದೆ. ಈ ಪದ್ಧತಿಯಲ್ಲಿ 'ಕನ್ನಡ' ಎಂಬುದಕ್ಕೆ ಐದೇ ಸಂಕೇತಗಳು: ಕ, ನ, ವಿರಾಮ, ನ, ಡ. ಇಲ್ಲಿ ಕೂಡಿಡುವದು ಆಕಾರವನ್ನಲ್ಲ, ಅಕ್ಷರವನ್ನು. 'ಕರ್ನಾಟಕ' ಎಂದು ಬರೆಯುವಾಗ ಅರ್ಕಾವತ್ತು ಕಣ್ಣಿಗೆ 'ನಾ'ಕಾರದ ಮುಂದೆ ಕಂಡರೂ ಯಂತ್ರದೊಳಗೆ 'ರ'ಕಾರವು ಉಚ್ಚಾರಕ್ಕೆ ತಕ್ಕಂತೆ ಮೊದಲೇ ನಿಲ್ಲುತ್ತದೆ. ಆದ್ದರಿಂದಲೇ ಹುಡುಕಿದರೆ ಸಿಕ್ಕುತ್ತದೆ; ಅಕಾರಾದಿಯಾಗಿ ಜೋಡಿಸಿದರೆ ಜೋಡುತ್ತದೆ; ಕುರುಡ ವಿದ್ಯಾರ್ಥಿಗೆ ಪಾಠವನ್ನು ಗಟ್ಟಿಯಾಗಿ ಓದಿ ಹೇಳುವ ತಂತ್ರಾಂಶಕ್ಕೆ ಅದು ಕನ್ನಡವಾಗಿಯೇ ತಿಳಿಯುತ್ತದೆ. ವೇಷದ ಕನ್ನಡವನ್ನು ಆ ವಿದ್ಯಾರ್ಥಿಯ ಮುಂದಿಟ್ಟರೆ ಅವನಿಗೆ ಕೇಳಿಸುವದು ಗೊಂದಲದ ಗದ್ದಲ ಮಾತ್ರ.

ಇಷ್ಟಿದ್ದರೂ ಆಕ್ಷೇಪಗಳು ಉಂಟು. ಅವುಗಳನ್ನು ನ್ಯಾಯವಾಗಿ ಪರಿಶೀಲಿಸೋಣ.

ಯೂನಿಕೋಡ್ ಪರದೇಶದವರದು, ಅದನ್ನು ಒಪ್ಪುವದು ದಾಸ್ಯವಲ್ಲವೆ ಎಂಬದು ಮೊದಲನೆಯ ಆಕ್ಷೇಪ. ಸ್ವಾಭಿಮಾನದಿಂದ ಹುಟ್ಟಿದ ಈ ಮಾತಿಗೆ ನಾವು ಗೌರವ ಕೊಡುತ್ತೇವೆ. ಆ ಸಂಸ್ಥೆಯ ನೆಲೆ ಕ್ಯಾಲಿಫೋರ್ನಿಯಾದಲ್ಲಿದೆ. ಅದರ ಸದಸ್ಯರಲ್ಲಿ ದೊಡ್ಡ ದೊಡ್ಡ ಕಂಪನಿಗಳಿರುವದೂ ನಿಜ. ಆದರೆ ಅದರಲ್ಲಿ ನಮ್ಮ ಲಿಪಿಗಳ ಜೋಡಣೆಯು 1988ರಲ್ಲಿ ಭಾರತದಲ್ಲಿಯೇ ಸಿದ್ಧವಾದ ಇಸ್ಕಿ ಎಂಬ ಮಾನಕವನ್ನು ಆಧರಿಸಿದೆ. ಅದರ ನಿಯಮಗಳು ಬಚ್ಚಿಟ್ಟವುಗಳಲ್ಲ. ಯಾರಾದರೂ ಓದಬಹುದು, ಯಾರಾದರೂ ತಿದ್ದುಪಡಿಯನ್ನು ಸೂಚಿಸಬಹುದು. ಒಬ್ಬ ವ್ಯಾಪಾರಿಯ ಗುಪ್ತ ಸಂಕೇತದಲ್ಲಿ ನಮ್ಮ ಬರೆಹಗಳನ್ನು ಒತ್ತೆಯಿಟ್ಟು, ಅವನು ಅಂಗಡಿ ಮುಚ್ಚಿದ ದಿನ ಅವುಗಳನ್ನು ಕಳೆದುಕೊಳ್ಳುವದೇ ನಿಜವಾದ ದಾಸ್ಯವೆಂದು ನಾವು ಬಗೆಯುತ್ತೇವೆ.

ಆದರೂ ಈ ಆಕ್ಷೇಪದಿಂದ ಕಲಿಯತಕ್ಕ ಪಾಠವೊಂದುಂಟು. ನಮ್ಮ ಹಳಗನ್ನಡದ 'ೞ' ಅಕ್ಷರಕ್ಕೆ ಆ ಮಾನಕದಲ್ಲಿ ಕೊಟ್ಟ ಹೆಸರು ಏನು ಬಲ್ಲಿರಾ? ಇಂಗ್ಲಿಷಿನ 'ಎಫ್, ಎ' ಅಕ್ಷರಗಳ 'ಫ'! ಪಂಪ ರನ್ನರ ಕಾವ್ಯಗಳಲ್ಲಿ ಬರುವ ಅಕ್ಷರಕ್ಕೆ, ಕನ್ನಡದ ಮೂಲ ವರ್ಣಮಾಲೆಯಲ್ಲಿಲ್ಲದ ಒಂದು ಧ್ವನಿಯ ಹೆಸರು. ಒಮ್ಮೆ ಕೊಟ್ಟ ಹೆಸರನ್ನು ಬದಲಿಸಕೂಡದೆಂಬ ಕಟ್ಟಳೆಯಿಂದಾಗಿ ಆ ತಪ್ಪು ಇಂದಿಗೂ ಉಳಿದಿದೆ. ಇದು ತಪ್ಪೆಂಬ ಒಂದು ಟಿಪ್ಪಣಿಯನ್ನೂ ಸರಿಯಾದ ಪರ್ಯಾಯ ಹೆಸರನ್ನೂ ಬದಿಗೆ ಬರೆದಿಟ್ಟಿದ್ದಾರೆ, ಅಷ್ಟೇ. ಪಂಕ್ತಿಯಲ್ಲಿ ನಾವು ಕುಳಿತಿರದಿದ್ದರೆ ನಮ್ಮ ಎಲೆಗೆ ಬಡಿಸುವವರು ಬೇರೆಯವರು. ಇದಕ್ಕೆ ವಿರುದ್ಧವಾಗಿ, ತಿಳಿದವರು ಆಧಾರಸಹಿತ ಪ್ರಸ್ತಾವವನ್ನು ಕಳಿಸಿದ್ದರಿಂದ ಹಳೆಯ ಬರೆಹಗಳ 'ನಕಾರ ಪೊಲ್ಲು' 2021ರಲ್ಲಿ ಆ ಮಾನಕದೊಳಗೆ ಸ್ಥಾನ ಪಡೆಯಿತು. ದೂರ ನಿಂತು ದೂರುವದರಿಂದಲ್ಲ, ಒಳಹೊಕ್ಕು ದುಡಿಯುವದರಿಂದ ಕೆಲಸವಾಗುತ್ತದೆ.

ಎರಡನೆಯ ಆಕ್ಷೇಪವು ಮುದ್ರಣಾಲಯಗಳದು. ಹಳೆಯ ಫಾಂಟುಗಳು ಅಂದವಾಗಿವೆ, ಕೆಲಸಗಾರರ ಕೈ ಅವಕ್ಕೆ ಒಗ್ಗಿದೆ, ಪುಟ ಕಟ್ಟುವ ಹಳೆಯ ತಂತ್ರಾಂಶಗಳು ಯೂನಿಕೋಡನ್ನು ಅರಿಯವು ಎಂದು ಅವರು ಹೇಳುತ್ತಾರೆ. ಒಂದು ಕಾಲದಲ್ಲಿ ಇದು ಪೂರ್ಣ ಸತ್ಯವಾಗಿತ್ತು. ಆದರೆ ಅಚ್ಚುಮೆಚ್ಚಿನ ಪೇಜ್‌ಮೇಕರ್ ತಂತ್ರಾಂಶದ ಕೊನೆಯ ಆವೃತ್ತಿ ಬಂದದ್ದು 2001ರಲ್ಲಿ. ಅದರ ತಯಾರಕರೇ ಅದನ್ನು ಎಂದೋ ಕೈಬಿಟ್ಟಿದ್ದಾರೆ. ಈಗಿನ ಪುಟವಿನ್ಯಾಸದ ತಂತ್ರಾಂಶಗಳು ಯೂನಿಕೋಡ್ ಕನ್ನಡವನ್ನು ಬಲ್ಲವು. ಸಣ್ಣ ಅಚ್ಚುಕೂಟದವನಿಗೆ ಹೊಸ ಸಾಮಗ್ರಿಯ ವೆಚ್ಚ ಭಾರವಾದೀತೆಂಬದನ್ನು ನಾವು ಬಲ್ಲೆವು. ಅಂಥವನು ಅಚ್ಚನ್ನು ಹಳೆಯ ರೀತಿಯಲ್ಲಿಯೇ ಮಾಡಲಿ. ಆದರೆ ಗ್ರಂಥಕರ್ತನಿಗೆ ಯೂನಿಕೋಡಿನ ಒಂದು ಪ್ರತಿಯನ್ನು ಒಪ್ಪಿಸಲಿ. ಗ್ರಂಥಕರ್ತನೂ ಅದನ್ನು ತನ್ನ ಹಕ್ಕೆಂದು ಕೇಳಿ ಪಡೆಯಲಿ.

ಮೂರನೆಯದು ಕೀಲಿಮಣೆಯ ಜಗಳ. ಇದರಷ್ಟು ಸದ್ದು ಮಾಡಿದ, ಇದರಷ್ಟು ಸಾರವಿಲ್ಲದ ವಾದ ಮತ್ತೊಂದಿಲ್ಲ. ಕೆ. ಪಿ. ರಾವ್ ವಿನ್ಯಾಸವಾಗಲಿ, ಭಾರತದ ಲಿಪಿಗಳಿಗೆಲ್ಲ ಸಮಾನವಾದ ಇನ್‌ಸ್ಕ್ರಿಪ್ಟ್ ಆಗಲಿ, ಇಂಗ್ಲಿಷ್ ಕಾಗುಣಿತದಿಂದ ಕನ್ನಡಕ್ಕೆ ತಿರುಗಿಸುವ ಪದ್ಧತಿಯಾಗಲಿ, ಒಳಗೆ ಕೂಡುವ ಸಂಕೇತವು ಯೂನಿಕೋಡ್ ಆಗಿದ್ದರೆ ಸಾಕು. ಬಾವಿಯ ನೀರು ಒಂದೇ ಇರಲು, ಹಗ್ಗ ಯಾವ ನಾರಿನದೆಂದು ಹೊಡೆದಾಡುವದೇಕೆ?

ನಾಲ್ಕನೆಯ ಪಕ್ಷದವರು ಇಷ್ಟೆಲ್ಲ ಗೊಡವೆಯೇ ಬೇಡ, ಇಂಗ್ಲಿಷ್ ಅಕ್ಷರಗಳಲ್ಲಿಯೇ ಕನ್ನಡ ಬರೆದರಾಯಿತು ಎನ್ನುತ್ತಾರೆ. ತರುಣರಲ್ಲಿ ಈ ರೂಢಿ ಬೆಳೆಯುತ್ತಿರುವದು ಕಳವಳದ ಸಂಗತಿ. 'ಎಚ್, ಎ, ಎರಡು ಎಲ್, ಐ' ಎಂದು ಬರೆದರೆ ಅದು ಹಳ್ಳಿಯೂ ಆದೀತು, ಹಲ್ಲಿಯೂ ಆದೀತು. ಇದು ನಗೆಯ ಮಾತು. ಆದರೆ 'ಬಿ, ಇ, ಎಲ್, ಇ' ಎಂದು ಬರೆದಾಗ ಅದು ಬೆಲೆಯೊ, ಬೆಳೆಯೊ, ಬೇಳೆಯೊ? “ಬೆಳೆ ಬಿದ್ದಿದೆ” ಎಂಬುದಕ್ಕೂ “ಬೆಲೆ ಬಿದ್ದಿದೆ” ಎಂಬುದಕ್ಕೂ ಇರುವ ಅಂತರವನ್ನು ಮಾರುಕಟ್ಟೆಗೆ ಚೀಲ ಹೇರಿ ಹೊರಟ ಒಕ್ಕಲಿಗನನ್ನು ಕೇಳಿರಿ. ಲಕಾರ ಳಕಾರಗಳ, ಹ್ರಸ್ವ ದೀರ್ಘಗಳ ಭೇದವನ್ನು ನಮ್ಮ ಹಿರಿಯರು ಶೋಕಿಗಾಗಿ ಇಟ್ಟವರಲ್ಲ. ಕನ್ನಡ ಲಿಪಿ ಎಲ್ಲ ಮೊಬೈಲುಗಳಲ್ಲಿಯೂ ಧರ್ಮಾರ್ಥವಾಗಿ ದೊರೆಯುತ್ತಿರುವಾಗ ಅದನ್ನು ಬಿಡುವದಕ್ಕೆ ಆಲಸ್ಯವಲ್ಲದೆ ಬೇರೆ ಕಾರಣ ನಮಗೆ ಕಾಣದು.

ಇನ್ನು ಮಾಡತಕ್ಕದ್ದೇನು? ಹಳೆಯ ಸಂಕೇತದಿಂದ ಯೂನಿಕೋಡಿಗೆ ತಿರುಗಿಸುವ ಪರಿವರ್ತಕಗಳು ಈಗ ಬೆಲೆಯಿಲ್ಲದೆ ದೊರೆಯುತ್ತವೆ. ಆದರೆ ಅವು ಮಂತ್ರದಂಡಗಳಲ್ಲ. ಅರ್ಕಾವತ್ತು ಕೆಲವೆಡೆ ಪಲ್ಲಟವಾಗುತ್ತದೆ. ಕನ್ನಡದ ನಡುವೆ ಬಂದ ನಿಜವಾದ ಇಂಗ್ಲಿಷ್ ಶಬ್ದವನ್ನೂ ಯಂತ್ರವು ಕನ್ನಡವೆಂದೇ ಭ್ರಮಿಸಿ ತಿರುಗಿಸಿಬಿಡುತ್ತದೆ. ಬಲ್ಲವರ ಕಣ್ಣು ಸಾಲುಸಾಲಾಗಿ ಹಾಯಲೇಬೇಕು. ಈ ಕಾರ್ಯವನ್ನು ಸರಕಾರಿ ಇಲಾಖೆಗಳೂ ವಿಶ್ವವಿದ್ಯಾಲಯಗಳೂ ಸಾಹಿತ್ಯ ಸಂಸ್ಥೆಗಳೂ ತಮ್ಮ ತಮ್ಮ ಕಡತಗಳಿಂದ ಆರಂಭಿಸತಕ್ಕದ್ದು. ಸಾರ್ವಜನಿಕರ ಹಣದಿಂದ ತಯಾರಾದ ಯಾವ ಕನ್ನಡ ಪುಸ್ತಕವೂ, ಯಾವ ಆಜ್ಞೆಯೂ ಹಳೆಯ ಸಂಕೇತದಲ್ಲಿ ಮಾತ್ರ ಉಳಿಯಕೂಡದು. ಮನೆಯಲ್ಲಿ ಹಳೆಯ ತಟ್ಟೆಗಳನ್ನು ಇಟ್ಟುಕೊಂಡ ಲೇಖಕರೂ ಅವರ ಮಕ್ಕಳೂ ಈ ಕೆಲಸವನ್ನು ನಾಳೆಗೆ ನೂಕಬಾರದು. ಯಾವ ಕಡತ ಯಾವ ತಂತ್ರಾಂಶದ್ದೆಂದು ಬಲ್ಲವರು ಇನ್ನೂ ನಮ್ಮ ನಡುವೆ ಇದ್ದಾರೆ, ಸದಾಕಾಲ ಇರುವದಿಲ್ಲ.

1843ರ ಜುಲೈ ತಿಂಗಳಲ್ಲಿ ಮಂಗಳೂರಿನಲ್ಲಿ ಹೊರಟ 'ಮಂಗಳೂರ ಸಮಾಚಾರ'ವನ್ನು ಕಲ್ಲಚ್ಚಿನಲ್ಲಿ ಮುದ್ರಿಸಲಾಗಿತ್ತು. 1894ರಲ್ಲಿ ಕಿಟ್ಟೆಲರ ನಿಘಂಟು ಅದೇ ಊರಿನಲ್ಲಿ ಬೆಳಕು ಕಂಡಿತು. ಅವುಗಳನ್ನು ಇಂದು ಕಣ್ಣಿದ್ದ ಯಾವ ಕನ್ನಡಿಗನೂ ಓದಬಲ್ಲನು. ನಿನ್ನೆ ಮೊನ್ನೆ, 2003ರಲ್ಲಿ ಬರೆದುದನ್ನು ಓದಲಾರೆವೆಂದರೆ, ನಾವು ಮುಂದುವರಿದವರೆಂದು ಹೇಳಿಕೊಳ್ಳಲು ನಾಲಗೆ ಏಳುವದೆ?

ಆ ಶಿಕ್ಷಕರ ಕಥೆಯನ್ನು ನಾವು ಅರ್ಧಕ್ಕೆ ಬಿಟ್ಟಿದ್ದೆವು. ಕಡತವು ಯಾವ ತಂತ್ರಾಂಶದ್ದೆಂದು ಗೊತ್ತುಹಚ್ಚಿದ ಮೇಲೆ ಪರಿವರ್ತಕದಿಂದ ಅದನ್ನು ತಿರುಗಿಸಲಾಯಿತು. ಅವರ ಮೊಮ್ಮಗಳು ಸಂಜೆ ಸಂಜೆ ಕುಳಿತು ಓದುತ್ತ ಹೋದಳು. ಅಜ್ಜನವರು ಕೇಳುತ್ತ ತಪ್ಪುಗಳನ್ನು ತಿದ್ದಿಸುತ್ತ ಹೋದರು. ಶಾಸನದ ಪ್ರತಿ ಉಳಿಯಿತು. ತೀರಿಹೋದ ಆ ಇಬ್ಬರು ವೃದ್ಧರ ಮಾತುಗಳೂ ಉಳಿದವು. ತನ್ನ ಊರಿನ ಚರಿತ್ರೆಯನ್ನು ಆ ಹುಡುಗಿ ಓದಿದ್ದು ಅದೇ ಮೊದಲ ಸಲವೆಂದು ಶಿಕ್ಷಕರು ನಮಗೆ ಹೇಳಿದರು. ಇಂಥ ತಟ್ಟೆಗಳು ನಾಡಿನ ಎಷ್ಟೋ ಮನೆಗಳ ಕಪಾಟುಗಳಲ್ಲಿ ಧೂಳು ಹಿಡಿದು ಬಿದ್ದಿವೆ. ವಾಚಕರು ತಮ್ಮ ಮನೆಯ ಕಪಾಟನ್ನು ಇಂದೇ ಒಮ್ಮೆ ತೆರೆದು ನೋಡುವರೆಂದು ನಾವು ಆಶಿಸುತ್ತೇವೆ.